56 ಎಪಿಓ ವಿಳಾಸದ ಯಜಮಾನ

ಬೂದಿಕೋಟೆ ಪಕ್ಕದ ಹೊಲದಲ್ಲಿ ಎಷ್ಟಕ್ಕೆ ರಾಗಿ, ಎಷ್ಟಕ್ಕೆ ಹುರುಳಿ. ಊರಮನೆಯ ಹೆಂಚನ್ನು ಮಳೆಗೆ ಮುಂಚೆ ಕೈಯಾಡಿಸಬೇಕೋ, ಇನ್ನೊಂದು ವರ್ಷ ತಡೆಯುತ್ತದೋ. ಚಿಕ್ಕಮ್ಮನನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರಿಗೆ ಏನು ಹೇಳಿ ಕಳಿಸಬೇಕು. 1971ರಲ್ಲಿ ನಮ್ಮ ಅಜ್ಜಿಯ ಮನೆಯಲ್ಲಿ ಇವೆಲ್ಲ ತೀರ್ಮಾನವಾಗುತ್ತಿದ್ದದ್ದು 56 ಎಪಿಓ ಎಂಬ ವಿಳಾಸದಿಂದ. ಆ ವಿಳಾಸದಲ್ಲಿದ್ದವನು ನನ್ನ ಸೋದರಮಾವ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೆಂಟರ್‌ನಲ್ಲಿ ತರಬೇತಿ ಮುಗಿಸಿ ಹೋದವನು ಆ ವರ್ಷ ಯಾವ ಗಡಿಯಲ್ಲಿದ್ದಾನೆಂದು ಮನೆಯಲ್ಲಿ ಒಬ್ಬರಿಗೂ ತಿಳಿಯದು. ಆದರೂ ಮನೆಯ ಯಜಮಾನ ಅವನೇ.

ಈಗಿನ ಹುಡುಗರಿಗೆ ಆ ವಿಳಾಸವನ್ನು ಬಿಡಿಸಿ ಹೇಳಬೇಕಾಗುತ್ತದೆ. ಸಿಪಾಯಿಯ ನಂಬರು, ಹೆಸರು, ಪಲ್ಟನ್ನು, ಕೆಳಗೆ ಕೇರಾಫ್ 56 ಎಪಿಓ. ಅಷ್ಟೇ. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ನಾವು ಕೆ.ಜಿ.ಎಫ್. ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ ಡಬ್ಬಿಗೆ ಹಾಕಿದ ಕಾಗದ ದೆಹಲಿಯ ಸೈನ್ಯದ ಅಂಚೆ ಕೇಂದ್ರಕ್ಕೆ ಹೋಗಿ, ಯಾವ ಪಲ್ಟನ್ನು ಎಲ್ಲಿದೆ ಎಂದು ಬಲ್ಲವರ ಕೈಯಲ್ಲಿ ವಿಂಗಡಣೆಯಾಗಿ ಮುಂದೆ ಸಾಗುತ್ತಿತ್ತು. ವಿಳಾಸ 99 ಎಪಿಓ ಎಂದಿದ್ದರೆ ಕಲ್ಕತ್ತೆಯ ಮೇಲೆ ಪೂರ್ವದ ಗಡಿಗೆ ಹೋಗುತ್ತದೆಂದು ಅಷ್ಟಾದರೂ ಊಹಿಸಬಹುದಿತ್ತು. 56 ಎಂದರೆ ಪಂಜಾಬೂ ಇರಬಹುದು, ಕಾಶ್ಮೀರವೂ ಇರಬಹುದು, ರಾಜಸ್ಥಾನದ ಮರಳೂ ಇರಬಹುದು. ಸಿಪಾಯಿಯೂ ತಾನಿರುವ ಜಾಗದ ಹೆಸರು ಬರೆಯುವ ಹಾಗಿರಲಿಲ್ಲ. ಪಲ್ಟನ್ನು ಎತ್ತ ಹೊರಟಿದೆ, ಜೊತೆಯಲ್ಲಿ ಏನೇನಿದೆ, ಯಾರು ಗಾಯಗೊಂಡರು, ಯಾವುದನ್ನೂ ಬರೆಯುವ ಹಾಗಿರಲಿಲ್ಲ. ಬರೆಯಬಾರದ್ದನ್ನೆಲ್ಲ ಕಳೆದರೆ ಉಳಿಯುತ್ತಿದ್ದದ್ದು ಮನೆ. ಹೀಗಾಗಿ ಯುದ್ಧಕಾಲದ ಆ ಕಾಗದಗಳಲ್ಲಿ ಯುದ್ಧವೇ ಇರುತ್ತಿರಲಿಲ್ಲ. ರಾಗಿ ಇರುತ್ತಿತ್ತು, ಬಡ್ಡಿ ಇರುತ್ತಿತ್ತು, ಗಬ್ಬದ ಹಸು ಇರುತ್ತಿತ್ತು.

ಒಂದು ಕಾಗದದ ಬೆನ್ನಿನ ಮೇಲೆ ಸಂಸಾರ ನಡೆಸುವ ಆ ವಿದ್ಯೆ ನನ್ನ ಕಣ್ಣೆದುರೇ ಮರೆಯಾಯಿತು. ಅದರ ಸಂಕಟ ನನಗೆ ಇನ್ನೂ ಆರಿಲ್ಲ.

ಮಾವ ಬರೆಯುತ್ತಿದ್ದದ್ದು ತಾತನಿಗೆ. ತೀರ್ಥರೂಪು ತಂದೆಯವರ ಪಾದಗಳಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು, ಇತ್ತ ಕಡೆ ಎಲ್ಲ ಕ್ಷೇಮ, ಅತ್ತ ಕಡೆ ನಿಮ್ಮೆಲ್ಲರ ಕ್ಷೇಮಕ್ಕೆ ಕಾಗದ ಬರೆಸುವುದು. ಇಷ್ಟಾದ ಮೇಲೆ ಪೀಠಿಕೆ ಮುಗಿಯಿತು, ನೇರವಾಗಿ ಹೊಲಕ್ಕೆ ಇಳಿಯುತ್ತಿದ್ದ. ಗಡಿಯಲ್ಲಿರುವ ಸಿಪಾಯಿಗಳಿಗೆ ಸೈನ್ಯದವರು ಬಿಟ್ಟಿಯಾಗಿ ಕೊಡುವ ಮಡಚುವ ಕಾಗದ ಅದು. ಜಾಗ ಕಡಿಮೆ, ಹೇಳುವುದು ಬಹಳ. ಅಕ್ಷರ ಕೆಳಕೆಳಗೆ ಹೋದಂತೆ ಸಣ್ಣದಾಗುತ್ತ, ಕೊನೆಗೆ ಅಂಟು ಹಚ್ಚುವ ಅಂಚಿನವರೆಗೂ ಹರಿದು, ಅಡ್ಡಡ್ಡ ತಿರುಗಿ ಮಾರ್ಜಿನ್ನಿನಲ್ಲಿ ಮುಗಿಯುತ್ತಿತ್ತು. ಆ ಮಾರ್ಜಿನ್ನಿನ ಸಾಲಿನಲ್ಲೇ ಬಹುಮಾಡಿ ಮುಖ್ಯವಾದ ಮಾತಿರುತ್ತಿದ್ದದ್ದು. ಕಾಗದ ಬಿಡಿಸುವಾಗ ಅಂಟಿನ ಜಾಗ ಹರಿದು ಎರಡು ಮಾತು ಹೋದರೆ ಮನೆಯಲ್ಲಿ ರಂಪ: ಹಸು ಮಾರು ಎಂದನೋ, ಮಾರಬೇಡ ಎಂದನೋ?

ತಾತ ಮೈಸೂರು ಮೈನ್ಸ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸಗಾರ. ಕಂಪನಿಯ ಲೈನು ಮನೆ; ಗೋಡೆಯ ಆಚೆ ತಮಿಳಿನವರು, ಈಚೆ ತೆಲುಗಿನವರು, ನಡುವೆ ಕನ್ನಡದ ನಾವು. ಗಾಳಿ ಎದ್ದರೆ ಸೈನೈಡ್ ಗುಡ್ಡದ ಬೂದುಬಣ್ಣದ ಧೂಳು ಒಣಗಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ. ಊರಿನ ಹೊಲ ಬಿಟ್ಟಿರಲಿಲ್ಲ. ಬಿತ್ತನೆ, ಕಳೆ, ಕೊಯ್ಲು ಬಂದಾಗ ಮನೆಯಿಂದ ಯಾರಾದರೊಬ್ಬರು ಮಾರಿಕುಪ್ಪಂನಲ್ಲಿ ಗಾಡಿ ಹತ್ತಿ, ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಬೂದಿಕೋಟೆ ಕಡೆ ಹೋಗಬೇಕು. ಆ ರೈಲುದಾರಿ 1894ರದು. ಚಿನ್ನದ ಕೆಲಸಕ್ಕೆಂದು ಹಾಕಿದ್ದು, ಎಷ್ಟೋ ಮನೆಗಳಿಗೆ ರಾಗಿಮೂಟೆಯನ್ನೂ ತಂದುಕೊಟ್ಟಿದೆ.

ಈ ಸೀಮೆಗೂ ಸಿಪಾಯಿಗಳಿಗೂ ಹಳೆಯ ನಂಟು. ಹೈದರ್ ಅಲಿ ಹುಟ್ಟಿದ ಊರು ಬೂದಿಕೋಟೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದು, ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟವನು ಲೆಫ್ಟಿನೆಂಟ್ ಜಾನ್ ವಾರೆನ್. ಆ ಬರಹದ ಜಾಡು ಹಿಡಿದು 1871ರಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಬಂದ ಮೈಕೇಲ್ ಲವೆಲ್ ಕೂಡ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ. ಸಿಪಾಯಿಗಳು ಹುಡುಕಿಕೊಟ್ಟ ಊರಿನಿಂದ ಮುಂದೆ ಸಿಪಾಯಿಗಳು ಹೊರಟರು. ಲೈನಿನ ಮನೆಗಳಲ್ಲಿ ಒಬ್ಬ ಮಗನಿಗೆ ಮೈನು, ಇನ್ನೊಬ್ಬನಿಗೆ ಮಿಲ್ಟ್ರಿ ಎನ್ನುವುದು ಮಾತಾಗಿಯೇ ಇತ್ತು. ತಾತನಿಗೆ ಇದ್ದದ್ದು ಒಬ್ಬನೇ ಮಗ. ನನ್ನ ಮಗ ಗಣಿಯ ಕೇಜಿನಲ್ಲಿ ಇಳಿಯಕೂಡದು ಎಂದು ತಾತನೇ ಹಟ ಹಿಡಿದು ಅವನನ್ನು ಮಿಲ್ಟ್ರಿಗೆ ಕಳಿಸಿದ್ದಂತೆ.

ಓದಲೆಂದು ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಆ ಮನೆಯಲ್ಲಿ ಕನ್ನಡ ಓದಲು ಬರೆಯಲು ಬರುತ್ತಿದ್ದದ್ದು ಮಾವನೊಬ್ಬನಿಗೆ, ಅವನು ಹೋದ ಮೇಲೆ ನನಗೆ. ಹೀಗೆ ಎಳೆಯ ವಯಸ್ಸಿನಲ್ಲೇ ಒಂದು ಮನೆಯ ಸಾಲ, ಮುನಿಸು, ಮದುವೆ ಮಾತುಕತೆಗಳೆಲ್ಲ ನನ್ನ ಕೈಬರಹದಲ್ಲಿ ಗಡಿಗೆ ಹೋಗುತ್ತಿದ್ದವು.

ಕಾಗದ ಬಂದ ದಿನ ತಾತ ಪಾಳಿ ಮುಗಿಸಿ ಬರುವ ತನಕ ಒಡೆಯುವ ಹಾಗಿಲ್ಲ. ಸ್ನಾನವಾಗಿ, ಮುದ್ದೆ ಉಂಡು, ಹೊಸಿಲ ಬಳಿ ಕೂತ ಮೇಲೆ ಓದು. ಅಷ್ಟರಲ್ಲಿ ಗೋಡೆಯಾಚೆಯ ತಮಿಳಿನ ಪಾಟಿಯೂ ಬಂದಿರುತ್ತಿದ್ದಳು. ಅವಳ ಮೊಮ್ಮಗನೂ ಸೈನ್ಯದಲ್ಲಿದ್ದ. ಅವಳ ಕಾಗದ ಓದಲು ತಮಿಳು ಶಾಲೆಯ ಹುಡುಗ ಬೇಕು, ತೆಲುಗಿನವರ ಮನೆಗೆ ಇನ್ನೊಬ್ಬ. ಆದರೆ ಕೇಳುವವರಿಗೆ ಮೂರು ಭಾಷೆಯೂ ಅರ್ಥವಾಗುತ್ತಿತ್ತು. ಹಾಗಾಗಿ ಯಾವ ಮನೆಯ ಗುಟ್ಟೂ ಆ ಸಾಲಿನಲ್ಲಿ ಗುಟ್ಟಾಗಿ ಉಳಿಯಲಿಲ್ಲ; ಯಾವ ಮನೆಯ ಕಷ್ಟವೂ ಒಂದೇ ಮನೆಯದಾಗಿಯೂ ಉಳಿಯಲಿಲ್ಲ. ನಮ್ಮ ಹಸುವಿನ ಬೆಲೆ ಇಷ್ಟಿರಲಿ ಎಂದು ಮಾವ ಬರೆದರೆ, ಅದಕ್ಕೆ ಅಷ್ಟು ಬರೋಲ್ಲ ಎಂದು ಅಲ್ಲೇ ಪಾಟಿ ತೀರ್ಪು ಕೊಡುತ್ತಿದ್ದಳು. ಅದನ್ನೂ ಉತ್ತರದಲ್ಲಿ ಬರೆಯುತ್ತಿದ್ದೆ.

ನಾನು ಕಾಗದ ಬಿಡಿಸುತ್ತಿದ್ದಂತೆ ಬಾಗಿಲ ಹಿಂದಿನಿಂದ ಅತ್ತೆಯ, ಅಂದರೆ ಮಾವನ ಹೆಂಡತಿಯ, ದನಿ ಬರುತ್ತಿತ್ತು: "ಮೊದ್ಲು ತಾರೀಕು ಓದೋ."

ಆ ವಯಸ್ಸಿನಲ್ಲಿ ನನಗೆ ಅದು ತಿಳಿಯುತ್ತಿರಲಿಲ್ಲ. ಹೊಲದ ವಿಷಯ ಬಿಟ್ಟು ತಾರೀಖಿಗೇಕೆ ಇಷ್ಟು ಆತುರ ಎಂದುಕೊಳ್ಳುತ್ತಿದ್ದೆ. ಕಾಗದ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು, ಚಳಿಗಾಲದಲ್ಲಿ ಇನ್ನೂ ಹೆಚ್ಚು. ತಾರೀಖಿನ ದಿನ ಬರೆದವನು ಕೂತು ಬರೆದಿದ್ದಾನೆ, ಅಷ್ಟು ಖಚಿತ. ಅದರಿಂದ ಈಚೆಯ ದಿನಗಳಿಗೆ ಯಾರೂ ಜಾಮೀನಿಲ್ಲ. ಅತ್ತೆ ಬೆರಳು ಮಡಚಿ ಆ ದಿನಗಳನ್ನು ಎಣಿಸಿಕೊಂಡು ಒಳಗೆ ಹೋಗುತ್ತಿದ್ದಳು. ರಾಗಿ, ಹೆಂಚು, ಬಡ್ಡಿ ಎಲ್ಲ ಆಮೇಲೆ.

ಅವಳ ಹೆಸರಿಗೆ ಒಂದು ಸಾಲೂ ಬರುತ್ತಿರಲಿಲ್ಲ. ತಾಯಿತಂದೆ ಇರುವ ಮನೆಗೆ ಹೆಂಡತಿಯ ಹೆಸರಿಟ್ಟು ಬರೆಯುವುದು ಆಗ ಮರ್ಯಾದೆಯಲ್ಲ. "ಮನೆಯಲ್ಲಿ ತಿಳಿಸುವುದು" ಎಂದು ಒಂದು ಕಡೆ ಬರುತ್ತಿತ್ತು, ಆ ಮನೆ ಎಂದರೆ ಅವಳು. ಎರಡನೆಯ ಸಲ ಓದುವಾಗ ಅಜ್ಜಿ ನನ್ನನ್ನು ಒಳಗೆ ಕಳಿಸುತ್ತಿದ್ದಳು. ಒಲೆಯ ಮುಂದೆ ಕೂತು ಅತ್ತೆಗೊಬ್ಬಳಿಗೇ ಓದಿ ಹೇಳುತ್ತಿದ್ದೆ. ಅಜ್ಜಿಯ ದೊಡ್ಡತನ ಅದು, ಈಗ ತಿಳಿಯುತ್ತದೆ.

ಉತ್ತರ ಬರೆಸುವಾಗ ಏನು ಬರೆಯಬಾರದು ಎಂಬುದರಲ್ಲೇ ಅತ್ತೆಯ ಜಾಣತನವಿತ್ತು. ಕೆ.ಜಿ.ಎಫ್.ನಲ್ಲಿ ಬೆಳೆದವರಿಗೆ ಏರ್‌ಬ್ಲಾಸ್ಟ್ ಎಂದರೆ ಗೊತ್ತು. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಸಿಡಿಯುತ್ತದೆ, ಮೇಲಿನ ನೆಲ ಅದುರುತ್ತದೆ, ಹಲಗೆಯ ಮೇಲಿನ ಪಾತ್ರೆಗಳು ಕೆಳಗೆ ಉರುಳುತ್ತವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನ ಬಂಡೆಯ ಸದ್ದಿಗೆ ಇಡೀ ಊರು ಎದ್ದು ಕೂರುತ್ತಿತ್ತು. ಒಮ್ಮೆ ತಾತ ಪಾಳಿಯಲ್ಲಿದ್ದಾಗ ಹಾಗಾಯಿತು. ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಶಾಫ್ಟಿನ ಗೇಟಿಗೆ ಓಡಿದರು. ಕೇಜು ಮೇಲೆ ಬಂದಂತೆಲ್ಲ ಒಂದೊಂದು ಮುಖ ನೋಡುತ್ತ ನಿಂತ ಆ ಹೊತ್ತು ನನಗೆ ಇವತ್ತಿಗೂ ಮರೆಯದು. ತಾತ ಬಂದ. ಆ ವಾರದ ಕಾಗದಕ್ಕೆ ಅತ್ತೆ ಬರೆಸಿದ್ದು: ಅಪ್ಪಯ್ಯನವರು ಆರೋಗ್ಯವಾಗಿದ್ದಾರೆ, ಅವರೆ ಹೂ ಕಟ್ಟಿದೆ.

ಆಚೆಯಿಂದಲೂ ಹೀಗೇ. ಊರಮನೆಯ ಹೆಂಚಿಗೆ ಯಾವ ಆಳನ್ನು ಕರೆಯಬೇಕೆಂದು ಮಾವ ತುಂಬ ವಿವರವಾಗಿ ಬರೆದ ಒಂದು ಕಾಗದವಿತ್ತು. ಅದನ್ನು ಬರೆದ ದಿನ ಹತ್ತಿರದಲ್ಲೇ ಗುಂಡು ಬೀಳುತ್ತಿದ್ದವೆಂದು, ಎಷ್ಟೋ ವರ್ಷವಾದ ಮೇಲೆ ಒಂದು ಸಂಜೆ ಮಾವನೇ ಹೇಳಿದ. ಎರಡು ಕಡೆಯವರೂ ತಮ್ಮ ತಮ್ಮ ನೆಲದ ಅದುರನ್ನು ಮುಚ್ಚಿಟ್ಟುಕೊಂಡು ಹೆಂಚು, ಅವರೆಯ ಮಾತಾಡಿಕೊಂಡರು. ಅದನ್ನು ಯಾರಾದರೂ ಸುಳ್ಳು ಎಂದರೆ ನಾನು ಒಪ್ಪುವುದಿಲ್ಲ.

ಕಾಗದಕ್ಕಿಂತ ಗಟ್ಟಿಯಾದ ಆಜ್ಞೆ ಎಂದರೆ ಮನಿಯಾರ್ಡರ್. ಆ ಫಾರಂನ ಕೆಳಗೆ ಕತ್ತರಿಸಿ ಕೊಡುವ ಒಂದು ತುಂಡು ಇರುತ್ತಿತ್ತು, ಕೂಪನ್ನು. ಕಳಿಸುವವರು ನಾಲ್ಕು ಮಾತು ಬರೆಯಲೆಂದು ಬಿಟ್ಟ ಅಂಗೈಯಗಲದ ಜಾಗ. ಮಾವ ಅದರಲ್ಲಿ ಇಡೀ ತಿಂಗಳ ಬಜೆಟ್ಟು ಬರೆಯುತ್ತಿದ್ದ. ಕೊಯ್ಲಿನ ಕೂಲಿಗೆ 25, ಚೀಟಿಗೆ 10, ರಾಬರ್ಟ್‌ಸನ್‌ಪೇಟೆ ಅಂಗಡಿಯ ಬಡ್ಡಿಗೆ 8, ಅಪ್ಪಯ್ಯನ ಕೆಮ್ಮಿನ ಔಷಧಿಗೆ 5, ಹುಡುಗನ ಪುಸ್ತಕಕ್ಕೆ 2, ಮಿಕ್ಕಿದ್ದು ಮನೆಗೆ. ಆ ಹುಡುಗ ನಾನು. ನನ್ನ ಪುಸ್ತಕದ ಎರಡು ರೂಪಾಯಿಯನ್ನು ಗಡಿಯಲ್ಲಿ ಕೂತು ನೆನೆದವನೊಬ್ಬನಿದ್ದ ಎಂಬುದು ಈಗಲೂ ನನ್ನ ಗಂಟಲು ಕಟ್ಟಿಸುತ್ತದೆ. ಪೋಸ್ಟ್‌ಮ್ಯಾನ್ ಹಣ ಎಣಿಸಿ ಕೊಟ್ಟು, ತಾತನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡು, ಪಕ್ಕದ ಮನೆಯವರಿಂದ ಸಾಕ್ಷಿ ಹಾಕಿಸಿಕೊಂಡು ಹೋಗುತ್ತಿದ್ದ. ಕೂಪನ್ನುಗಳನ್ನು ಅಜ್ಜಿ ಗೋಡೆಯ ಮೊಳೆಗೆ ತೂಗುಹಾಕಿದ ಕಾಗದ ಚುಚ್ಚುವ ತಂತಿಗೆ ಏರಿಸುತ್ತಿದ್ದಳು. ಲೆಕ್ಕದಲ್ಲಿ ತಕರಾರು ಬಂದರೆ ಆ ತಂತಿಯೇ ನ್ಯಾಯಸ್ಥಾನ.

ಬಡ್ಡಿಯ ಬಾಬತ್ತು ಎಂದರೆ ಚಿಕ್ಕಮ್ಮನ ಮದುವೆಗೆಂದು ಮಾಡಿಸಿದ್ದ ಎರಡೆಳೆ ಸರ. ತಾತನ ಕಾಯಿಲೆಯಲ್ಲಿ ಅದನ್ನು ಗಿರವಿ ಇಟ್ಟಿದ್ದರು. ಚಿನ್ನ ತೆಗೆಯುವ ಊರಿನಲ್ಲಿ ಹೆಂಗಸರ ಚಿನ್ನ ಇರುತ್ತಿದ್ದದ್ದು ಗಿರವಿ ಅಂಗಡಿಯಲ್ಲಿ. ಇದು ನಮ್ಮ ಮನೆಯೊಂದರ ಮಾತಲ್ಲ.

1971ರ ಮಳೆಗಾಲ ಕಳೆಯುವ ಹೊತ್ತಿಗೆ ರೇಡಿಯೋದಲ್ಲಿ ದಿನಾ ನಿರಾಶ್ರಿತರ ಸುದ್ದಿ. ಪೂರ್ವ ಬಂಗಾಳದಿಂದ ಕೋಟಿ ಸಂಖ್ಯೆಯಲ್ಲಿ ಜನ ಗಡಿ ದಾಟಿ ಬರುತ್ತಿದ್ದರು. ನವೆಂಬರ್ 15ರಿಂದ ಪ್ರತಿ ಕಾಗದಕ್ಕೂ ನಿರಾಶ್ರಿತರ ನೆರವಿನ ಐದು ಪೈಸೆಯ ಚೀಟಿ ಹೆಚ್ಚಿಗೆ ಅಂಟಿಸಬೇಕಾಯಿತು. ಹೊಸ ಚೀಟಿ ಸಿದ್ಧವಾಗುವ ಮುಂಚೆ, ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೇ ಅಕ್ಷರ ಒತ್ತಿ ಕೊಡುತ್ತಿದ್ದರು. ಯುದ್ಧ ನಮ್ಮ ಲೈನಿಗೆ ಮೊದಲು ಬಂದದ್ದು ಆ ಐದು ಪೈಸೆಯ ರೂಪದಲ್ಲಿ. ಅದೇ ಸುಮಾರಿಗೆ ಇನ್ನೊಂದು ಬದಲಾವಣೆಯೂ ಆಯಿತು. ಆ ತಿಂಗಳ ಮನಿಯಾರ್ಡರ್ ಅತ್ತೆಯ ಹೆಸರಿಗೆ ಬಂತು.

ಪೋಸ್ಟ್‌ಮ್ಯಾನ್ ಹೆಸರು ಓದಿದಾಗ ಯಾರೂ ಮಾತಾಡಲಿಲ್ಲ. ಮುಂದೆ ಏನಾದರೂ ಆದರೆ ಕಾಗದಪತ್ರ ಹೆಂಡತಿಯ ಹೆಸರಿನಲ್ಲಿರಲಿ ಎಂದು ಮಾವ ಲೆಕ್ಕ ಹಾಕಿದ್ದಾನೆಂದು ತಾತನಿಗೆ ಹೊಳೆದಿರಬೇಕು. ಎದ್ದು ಹಿತ್ತಲಿಗೆ ಹೋದ. ಅಜ್ಜಿಗೆ ಹೊಳೆದದ್ದು ಬೇರೆ. ಮಗ ತನ್ನನ್ನು ಬಿಟ್ಟ ಎಂದು ಆ ರಾತ್ರಿ ಉಣ್ಣಲಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿ ಹಣ ತೆಗೆದುಕೊಂಡು, ಎಣಿಸದೆ ಅಜ್ಜಿಯ ಮಡಿಲಿಗೆ ಹಾಕಿ, ಕೂಪನ್ನನ್ನು ಮಾತ್ರ ಕೈಯಲ್ಲಿ ಹಿಡಿದು ನಿಂತಳು. ಅದು ಅವಳ ಹೆಸರಿಗೆ ಬಂದ ಮೊದಲ ಬರಹ. ಅದರಲ್ಲಿದ್ದದ್ದು ಕೂಲಿ, ಚೀಟಿ, ಬಡ್ಡಿಯ ಲೆಕ್ಕವೇ. ಆದರೂ ಅದನ್ನು ತಂತಿಗೆ ಚುಚ್ಚಲು ಅವಳು ಕೊಡಲಿಲ್ಲ.

ರಾಗಿ ಕೊಯ್ದು ಮೆದೆ ಒಟ್ಟಿ ಇಡಿ, ಒಕ್ಕಣೆಗೆ ಸಂಕ್ರಾಂತಿಯ ಹೊತ್ತಿಗೆ ನಾನು ಬರುತ್ತೇನೆ ಎಂದು ಮಾವ ಮೊದಲೇ ಬರೆದಿದ್ದ. ಅತ್ತೆ ಊರಿಗೆ ಹೋಗಿ ಕೊಯ್ಲು ಮಾಡಿಸಿ ಮೆದೆ ಹಾಕಿಸಿದಳು. ಅಷ್ಟರಲ್ಲಿ ರಜೆಗಳೆಲ್ಲ ರದ್ದಾದವೆಂದು ಸುದ್ದಿ. ಹಿಂಗಾರು ಮೋಡ ಬೇರೆ ಕವಿದು ಕೂತಿತ್ತು. ನಮ್ಮ ಕೋಲಾರದ ಕಡೆ ಆ ಕಾಲದ ಮಳೆ ಮೆದೆಯೊಳಕ್ಕೆ ಇಳಿದರೆ ತೆನೆ ಮೊಳಕೆಯೊಡೆಯುತ್ತದೆ. ಬರೆದು ಕೇಳಿದರೆ ಉತ್ತರ ಬರಲು ತಿಂಗಳು. ತಾತನನ್ನು ಕೇಳಿದರೆ, "ಅವನು ಬರಲಿ ಅಂದವ್ನಲ್ಲಮ್ಮ" ಎಂದ. ಅತ್ತೆ ಒಂದು ದಿನ ಸುಮ್ಮನಿದ್ದಳು. ಮರುದಿನ ಬೆಳಗಿನ ಗಾಡಿಗೆ ಹೋಗಿ, ಕಣ ಮಾಡಿಸಿ, ಆಳು ಕರೆದು ಒಕ್ಕಿಸಿಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ರಾಗಿಯನ್ನು ಬಂಗಾರಪೇಟೆಯಲ್ಲಿ ಮಾರಿ, ಆ ಹಣ ತಂದು ಗಿರವಿ ಬಿಡಿಸಿಕೊಂಡು ಬಂದಳು.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. 16ಕ್ಕೆ ಢಾಕಾದಲ್ಲಿ ಶರಣಾಗತಿ. ಲೈನಿನ ತುದಿಯ ಟೀ ಅಂಗಡಿಯ ರೇಡಿಯೋ ಮುಂದೆ ಜನ ಕುಣಿದಾಡಿದರು, ನಮಗೆ ಸಕ್ಕರೆ ಹಂಚಿದರು. ಅತ್ತೆಯ ಪಾಲಿಗೆ ಯುದ್ಧ ಅವತ್ತು ಮುಗಿಯಲಿಲ್ಲ. ಕಾಗದಗಳು ಬಂದವು, ಒಂದರ ತಾರೀಖು ನವೆಂಬರ್, ಇನ್ನೊಂದರದು ಡಿಸೆಂಬರ್ ಮೊದಲ ದಿನ. ಆ ಎರಡನೆಯದರಲ್ಲಿ ಮಾವ ಒತ್ತಿ ಬರೆದಿದ್ದ: ರಜೆ ತಡವಾದರೂ ಸರಿ, ನಾನು ಬರುವ ತನಕ ಮೆದೆ ಕೀಳಬೇಡಿ. ರಾಗಿ ಆಗಲೇ ಮೂಟೆಯಲ್ಲಿತ್ತು. ಅತ್ತೆ ಉತ್ತರ ಬರೆಸಿದಳು: ನೀವು ಬರೆದ ಪ್ರಕಾರವೇ ಎಲ್ಲ ನಡೆದಿದೆ, ಯೋಚನೆ ಬೇಡ. ನಾನು ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದೆ. "ಅಲ್ಲಿರೋರಿಗೆ ಇನ್ನೊಂದು ಚಿಂತೆ ಯಾಕೆ, ಬರಿ" ಎಂದಳು.

ಡಿಸೆಂಬರ್ ಕೊನೆಯ ತಾರೀಖಿನ ಕಾಗದ ಜನವರಿಯಲ್ಲಿ ಬಂತು. ತಾರೀಖು ಓದಿದ್ದೇ ತಡ, ಅಜ್ಜಿಯೂ ಅತ್ತೆಯೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಮನಿಯಾರ್ಡರಿನ ಮುನಿಸು ಅವತ್ತಿಗೆ ಮುಗಿಯಿತು.

ಬೇಸಿಗೆಗೆ ಮುಂಚೆ ಮಾವ ರಜೆಯ ಮೇಲೆ ಬಂದ. ಹೊಲಕ್ಕೆ ಹೋದ, ಬರಿ ಕಣ ನೋಡಿದ, ಚಿಕ್ಕಮ್ಮನ ಕೊರಳಿನ ಸರ ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ವಾಪಸು ಹೋಗಿ ಬರೆದ ಕಾಗದ ಅತ್ತೆಯ ಹೆಸರಿಗೇ ಇತ್ತು. ಮುಂಗಾರಿಗೆ ಏನು ಹಾಕಬೇಕು ಎಂಬಲ್ಲಿ, ನಿನಗೆ ತೋಚಿದಂತೆ ಮಾಡು ಎಂದು ಬರೆದಿದ್ದ. ಯಜಮಾನಿಕೆ ಕೈ ಬದಲಾದದ್ದು ಹೀಗೆ. ಆಜ್ಞೆಗೂ ಉತ್ತರಕ್ಕೂ ನಡುವೆ ಬೀಳುತ್ತಿದ್ದ ಆ ತಿಂಗಳ ತಡ ಇರದಿದ್ದರೆ ಅತ್ತೆಗೆ ಮೆದೆ ಕೀಳುವ ಅವಕಾಶವೇ ಬರುತ್ತಿರಲಿಲ್ಲ, ತನ್ನ ಕೈಲಾಗುತ್ತದೆಂದು ಅವಳಿಗೂ ತಿಳಿಯುತ್ತಿರಲಿಲ್ಲ. ಆ ವರ್ಷವೇ ಅವಳು ನನ್ನ ಸ್ಲೇಟಿನ ಮೇಲೆ ಹೆಸರು ಬರೆಯುವುದನ್ನು ಕಲಿತಳು. ಹೆಬ್ಬೆಟ್ಟಿನ ಶಾಯಿ ನಿಂತಿತು.

ದೂರದ ಸಿಪಾಯಿಯ ಮನೆ ಎಂದರೆ ದಾಯಾದಿಗಳಿಗೂ ಸಸಾರ. ಅವನಿಲ್ಲದ ಹೊತ್ತು ನೋಡಿ ಬದು ಒತ್ತುವುದು, ಮರ ಕಡಿಯುವುದು, ಕೋರ್ಟಿಗೆ ಎಳೆಯುವುದು ಎಲ್ಲ ಸೀಮೆಯಲ್ಲೂ ಇತ್ತು. ಇದು ಸರ್ಕಾರಕ್ಕೂ ಗೊತ್ತಿತ್ತು. ಸೈನಿಕರ ಮೊಕದ್ದಮೆಗಳಿಗೆಂದೇ 1925ರಲ್ಲಿ ಕಾನೂನು ಬಂದಿದೆ: ಯುದ್ಧದ ಕೆಲಸದಲ್ಲಿರುವ ಸಿಪಾಯಿ ಕಕ್ಷಿಗಾರನಾಗಿದ್ದು, ಅವನ ಪರವಾಗಿ ಅಧಿಕಾರ ಪಡೆದವರು ಯಾರೂ ಹಾಜರಿಲ್ಲದಿದ್ದರೆ, ಕೋರ್ಟು ಆ ಮೊಕದ್ದಮೆಯನ್ನು ತಡೆಹಿಡಿಯಬೇಕು. ಪಲ್ಟನ್ನಿನ ಅಧಿಕಾರಿ ಜಿಲ್ಲಾಧಿಕಾರಿಗೆ ಬರೆಯುವುದು, ಅಲ್ಲಿಂದ ತಹಸೀಲ್ದಾರರಿಗೆ, ಅಲ್ಲಿಂದ ಶಾನುಭೋಗರಿಗೆ ಬರುವುದು, ಇದೂ ಒಂದು ದಾರಿ. ನಮ್ಮ ಪೂರ್ವದ ಬದು ಒಂದು ಗಜ ಜರುಗಿದಾಗ ಮಾವ ಹಿಡಿದದ್ದು ಆ ದಾರಿ. ಅಧಿಕಾರಿಯ ಮೊಹರು ಬಿದ್ದ ಒಂದು ಕಾಗದ ಹಳ್ಳಿಗೆ ಬಂದದ್ದೇ ಬದು ತನ್ನ ಜಾಗಕ್ಕೆ ಮರಳಿತು. ಅತ್ತೆಗೆ ಇದರಿಂದ ತೃಪ್ತಿಯಾಗಲಿಲ್ಲ. ದಾಯಾದಿಯ ಹೆಂಡತಿಯನ್ನು ಮಾತಾಡಿಸಿ, ಅವಳ ಮಗುವಿನ ನಾಮಕರಣಕ್ಕೆ ಹೋಗಿ ಬಂದ ಮೇಲೆಯೇ ಜಗಳ ಮುಗಿಯಿತೆಂದು ಬರೆಸಿದಳು.

ಇಂಥ ಕಾಗದಗಳು ನಮ್ಮಿಂದ ಶುರುವಾದವಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷರು ಸೆನ್ಸಾರಿಗೆ ಒಡ್ಡಿ ಅನುವಾದ ಮಾಡಿಸುತ್ತಿದ್ದರು. ಡೇವಿಡ್ ಒಮಿಸ್ಸಿ ಎಂಬ ವಿದ್ವಾಂಸರು ಅವುಗಳಲ್ಲಿ ಆಯ್ದು 1999ರಲ್ಲಿ ಪುಸ್ತಕ ಮಾಡಿದ್ದಾರೆ. ಅವು ಹೆಚ್ಚಾಗಿ ಉತ್ತರದವರ ಕಾಗದಗಳು. ಅವುಗಳಲ್ಲೂ ಅದೇ ಹೊಲ, ಅದೇ ಸಾಲ, ಅದೇ ಮದುವೆ. ಮೈಸೂರು ಸಂಸ್ಥಾನದ ಲ್ಯಾನ್ಸರ್‌ಗಳು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ನೂ ಜಪಾನೀಯರ ಸೆರೆಗೆ ಹೋಯಿತು. ಅವರ ಮನೆಗಳಲ್ಲೂ ಹೊಲ ಬಿತ್ತುವ ಕಾಲ ಬಂದಿರುತ್ತದೆ, ಯಾರನ್ನು ಕೇಳುವುದು ಎಂಬ ಪ್ರಶ್ನೆ ಎದ್ದಿರುತ್ತದೆ. ಸರ್ಕಾರ ಅನುಮಾನಪಟ್ಟು ಒಡೆದು ಓದಿದ್ದರಿಂದ ಪಂಜಾಬಿನ ಸಿಪಾಯಿಗಳ ಮಾತು ಲಂಡನ್ನಿನಲ್ಲಿ ಉಳಿದುಕೊಂಡಿದೆ. ಯಾರೂ ಅನುವಾದಿಸದೆ ನೇರವಾಗಿ ಮನೆ ಸೇರಿದ ನಮ್ಮವರ ಕಾಗದಗಳು ಗೆದ್ದಲ ಪಾಲಾದವು.

ಮಾವ ನಿವೃತ್ತನಾಗಿ ಬಂದು ಬಿ.ಇ.ಎಂ.ಎಲ್.ನಲ್ಲಿ ಕೆಲಸಕ್ಕೆ ಸೇರಿದ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಮ್ಮ ಲೈನಿನ ಹುಡುಗರು ಇನ್ನೂ ಗಡಿಯಲ್ಲಿದ್ದರು, ಆದರೆ ಕಾಲ ಬದಲಾಗಿತ್ತು. ಬೀದಿ ಮೂಲೆಯ ಎಸ್‌ಟಿಡಿ ಬೂತಿಗೆ, ಅಥವಾ ಯಾರದೋ ಮನೆಯ ಪಿ.ಪಿ. ನಂಬರಿಗೆ ಕರೆ ಬರುತ್ತಿತ್ತು; ಓಡಿಹೋಗಿ ಮಾತಾಡುತ್ತಿದ್ದರು. ಆ ಯುದ್ಧ ಮುಗಿದು ಎರಡು ವರ್ಷ ತುಂಬುವ ಮುಂಚೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯ ಸಂಬಳ ನಿಂತ ಎಷ್ಟೋ ಮನೆಗಳಲ್ಲಿ ಮಿಲ್ಟ್ರಿಯಲ್ಲಿದ್ದ ಮಗನ ದುಡ್ಡೇ ಒಲೆ ಹಚ್ಚಿತು. ಮಿಕ್ಕವರು ಬೆಳಕು ಹರಿಯುವ ಮುಂಚೆ ಬೆಂಗಳೂರಿನ ಗಾಡಿ ಹಿಡಿದರು. 2013ರ ಜುಲೈಯಲ್ಲಿ ತಂತಿ ನಿಂತಿತು. ತಂತಿ ಬಂತು ಎಂದರೆ ಒಡೆಯುವ ಮುಂಚೆಯೇ ಅಳು ಏಳುತ್ತಿದ್ದ ಲೈನುಗಳಲ್ಲಿ ಅದಕ್ಕಾಗಿ ಯಾರೂ ಮರುಗಲಿಲ್ಲ. ಅದಾದ ಎರಡು ವರ್ಷಕ್ಕೆ ಹಳೆಯ ಮನಿಯಾರ್ಡರೂ ಹೋಯಿತು. ಅದಕ್ಕೆ ಮರುಗಿದವಳು ನಮ್ಮ ಅತ್ತೆ.

ಫೋನು ಬಂದದ್ದು ತಪ್ಪೆಂದು ನಾನು ಹೇಳಲಾರೆ. 1971ರ ಡಿಸೆಂಬರಿನಲ್ಲಿ ಒಂದು ಗಳಿಗೆ ಆ ದನಿ ಕೇಳಿಸಿದ್ದರೆ ಅತ್ತೆ ಬಿಡಿಸಿ ತಂದ ಸರವನ್ನು ಮತ್ತೆ ಗಿರವಿ ಇಡುತ್ತಿದ್ದಳು. ಆದರೆ ಈಗಿನ ಸಿಪಾಯಿಯನ್ನು ನೋಡಿ ನನಗೆ ಮರುಕವಾಗುತ್ತದೆ. ಅತ್ತೆಯ ಮೊಮ್ಮಗ ಸೈನ್ಯದಲ್ಲಿದ್ದಾನೆ. ಗ್ಯಾಸ್ ಮುಗಿದದ್ದು, ಮಗು ಹೋಂವರ್ಕ್ ಮಾಡದ್ದು, ಅತ್ತೆ ಸೊಸೆಯ ಮಾತಿನ ಚಕಮಕಿ ಎಲ್ಲ ಆಗಿಂದಾಗ ಅವನ ಕಿವಿಗೆ ಬೀಳುತ್ತವೆ, ಅವನೂ ಆಗಿಂದಾಗ ತೀರ್ಪು ಕೊಡುತ್ತಾನೆ. ಯೋಚಿಸಿ ಹೇಳಲು ಅವನಿಗೆ ಒಂದು ರಾತ್ರಿ ಇಲ್ಲ. ಹೇಳಿದ್ದನ್ನು ಮೀರಿ ನಡೆಯಲು ಅವನ ಹೆಂಡತಿಗೆ ಒಂದು ತಿಂಗಳಿಲ್ಲ. ಸಿಟ್ಟಿನಲ್ಲಿ ಆಡಿದ ಮಾತು ಕಾಗದದಲ್ಲಾದರೆ ಅಂಟು ಹಚ್ಚುವ ಮುಂಚೆ ಹರಿದು ಹೋಗುತ್ತಿತ್ತು. ಈಗ ಅದೇ ಮೊದಲು ತಲುಪುತ್ತದೆ. ಹಣವೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಯಾವುದಕ್ಕೆ ಎಷ್ಟು ಎಂದು ಯಾರೂ ಬರೆದಿಡುವುದಿಲ್ಲ. ಹುಡುಗನ ಪುಸ್ತಕಕ್ಕೆ 2 ಎಂಬಂಥ ಒಂದು ಸಾಲು ಯಾವ ಮಗುವಿನ ಪಾಲಿಗೂ ಉಳಿಯುವುದಿಲ್ಲ.

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಆ ಹುಡುಗನ ಫೋನು ಹತ್ತಲಿಲ್ಲ. ಟೀವಿಯಲ್ಲಿ ಎಲ್ಲರೂ ಒಟ್ಟಿಗೆ ಅರಚುತ್ತಿದ್ದರು, ಮನೆಗೆ ಬೇಕಾದ ಒಂದು ಮಾತು ಮಾತ್ರ ಅದರಲ್ಲಿರಲಿಲ್ಲ. ಅವನ ಹೆಂಡತಿ ವಾಟ್ಸಾಪ್ ತೆರೆದು, ಅವನು ಕೊನೆಗೆ ಯಾವಾಗ ಬಂದಿದ್ದ ಎಂದು ತೋರಿಸುವ ಗಂಟೆಯನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು, ಅದೇನು ತೋರಿಸುತ್ತೆ ಎಂದು ಕೇಳಿದಳು. ಹೇಳಿದ ಮೇಲೆ, "ಅಂಗಾರೆ ತಾರೀಕು" ಎಂದು ಆ ಹುಡುಗಿಯ ಕೈ ಹಿಡಿದುಕೊಂಡಳು. ಅವರಿಬ್ಬರಿಗೂ ಅಷ್ಟು ಮಾತು ಸಾಕಾಯಿತು. ಕದನ ವಿರಾಮವಾದ ಮೇಲೆ ಅವನು ಫೋನು ಮಾಡಿ ಮೊದಲು ಕೇಳಿದ್ದು ಬೋರ್‌ವೆಲ್ ಮೋಟರು ರಿಪೇರಿ ಆಯಿತಾ ಎಂದು. ಆ ಪ್ರಶ್ನೆಯಲ್ಲಿ ನನಗೆ ಮಾವನ ದನಿ ಕೇಳಿಸಿತು. ಆದರೆ ಆ ಕರೆ ಮುಗಿದ ಮೇಲೆ ಅದರ ಗುರುತು ಎಲ್ಲೂ ಇಲ್ಲ.

ನಮ್ಮ ಮನೆಯ ಕೂಪನ್ನು ಚುಚ್ಚುವ ತಂತಿ, ಕಾಗದಗಳ ಸಮೇತ, ಲೈನು ಮನೆ ಬಿಡುವ ಗಡಿಬಿಡಿಯಲ್ಲಿ ಹೋಯಿತು. ಉಳಿದದ್ದು ಅತ್ತೆ ಚುಚ್ಚಲು ಕೊಡದೆ ಬೇರೆ ಇಟ್ಟುಕೊಂಡಿದ್ದ ಕೆಲವು ಕೂಪನ್ನುಗಳು ಮಾತ್ರ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಲೈನುಗಳಲ್ಲಿ ಈಗಲೂ ಮನೆ ಖಾಲಿ ಮಾಡುವವರು ಹಳೆಯ ಕಬ್ಬಿಣದ ಟ್ರಂಕುಗಳನ್ನು ರದ್ದಿಯವರಿಗೆ ತೂಕಕ್ಕೆ ಹಾಕುತ್ತಾರೆ, ಒಳಗಿನ ಕಾಗದವೂ ಅದರ ಜೊತೆಗೇ ಹೋಗುತ್ತದೆ. ಗಣಿಯ ಚರಿತ್ರೆಯನ್ನು ಕಂಪನಿಗಳು ಬರೆಸಿಕೊಂಡಿವೆ, ಪಲ್ಟನ್ನುಗಳ ಚರಿತ್ರೆಯನ್ನು ಸೈನ್ಯ ಬರೆಸಿಕೊಂಡಿದೆ. ಲೈನು ಮನೆಗಳ ಚರಿತ್ರೆ ಇರುವುದು ಆ ಟ್ರಂಕುಗಳಲ್ಲಿ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲೂ, ಕೆ.ಜಿ.ಎಫ್. ಲೈನುಗಳಲ್ಲೂ ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ, ತೂಕಕ್ಕೆ ಹಾಕುವ ಮುಂಚೆ ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು ಒಂದೊಂದೇ ಓದಿ. ತಾರೀಖು ಮೊದಲು. ಆಮೇಲೆ, ಇದರಲ್ಲಿ ಬರೆದದ್ದರಲ್ಲಿ ಯಾವುದನ್ನು ಹೇಳಿದ ಹಾಗೇ ಮಾಡಿದಿರಿ, ಯಾವುದನ್ನು ನಿಮಗೆ ತೋಚಿದ ಹಾಗೆ ಮಾಡಿದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಆ ಕಾಗದದ ಬೆನ್ನಿಗೇ ಬರೆದಿಡಿ.